ಉಪ್ಪುನೀರಿನ ತೊಟ್ಟಿಗೆ ಮೈಲುತುತ್ತದ ಚಿಟಿಕೆ

ಸಂಜೆ ತೊಟ್ಟಿಯ ದೀಪ ಆರಿಸುವ ಹೊತ್ತಿಗೆ ನೀಲಿ ಟ್ಯಾಂಗ್ ಮೀನಿನ ಈಜುರೆಕ್ಕೆಯ ಮೇಲೆ ಚಿರೋಟಿ ರವೆ ಅಂಟಿದ ಹಾಗೆ ಹತ್ತಿಪ್ಪತ್ತು ಬಿಳಿ ಚುಕ್ಕೆಗಳು. ಮೀನು ಕಲ್ಲಿಗೆ ಮೈ ಉಜ್ಜಿಕೊಳ್ಳುತ್ತದೆ, ಮೂಲೆಗೆ ಹೋಗಿ ಬಿರುಸಾಗಿ ಉಸಿರಾಡುತ್ತದೆ. ಸಾಕಿದವರು ಅಂಗಡಿಯವನನ್ನು ಕೇಳಿ ಯಾವುದೋ ಔಷಧಿ ಹನಿಸಿ ಮಲಗುತ್ತಾರೆ. ಬೆಳಗ್ಗೆ ಎದ್ದು ನೋಡಿದರೆ ಚುಕ್ಕೆಗಳೇ ಇಲ್ಲ. ಔಷಧಿಗೆ ಒಳ್ಳೆಯ ಹೆಸರು ಬರುತ್ತದೆ. ವಾರ ಹತ್ತು ದಿನ ಕಳೆಯುವುದರೊಳಗೆ ಚುಕ್ಕೆಗಳು ಮರಳುತ್ತವೆ. ಈ ಸಲ ಹತ್ತಿಪ್ಪತ್ತಲ್ಲ, ಮೈತುಂಬ.

ಚುಕ್ಕೆಗಳು ಹೋದದ್ದು ವಾಸಿಯಾಗಿ ಅಲ್ಲ. ಮಗಳು ಹೆರಿಗೆಗೆ ತವರಿಗೆ ಹೋದಂತೆ ಹೋಗಿದ್ದವು. ಒಂದೊಂದು ಚುಕ್ಕೆಯೂ ಮೀನಿನ ಚರ್ಮದ ಅಡಿಯಲ್ಲಿ ಕೂತು ತಿಂದು ಕೊಬ್ಬಿದ ಒಂದು ಏಕಕೋಶ ಜೀವಿ. ಹೊಟ್ಟೆ ತುಂಬಿದ ಮೇಲೆ ಅದು ಕತ್ತಲಲ್ಲಿ ಮೀನನ್ನು ಬಿಟ್ಟಿಳಿದು, ತಳದ ಮರಳಿಗೋ ಕಲ್ಲಿಗೋ ಅಂಟಿ, ಸುತ್ತ ಗಟ್ಟಿ ಕೋಶ ಕಟ್ಟಿಕೊಂಡು, ಒಳಗೇ ಒಡೆದೊಡೆದು ಇನ್ನೂರರವರೆಗೆ ಮರಿಗಳಾಗುತ್ತದೆ. ಮರಿಗಳು ಹೊರಬಿದ್ದು ಮೀನನ್ನು ಹುಡುಕುತ್ತ ಈಜುತ್ತವೆ. ಒಂದೆರಡು ದಿನದಲ್ಲಿ ಮೀನು ಸಿಕ್ಕದಿದ್ದರೆ ಸಾಯುತ್ತವೆ. ಉಪ್ಪುನೀರಿನ ಮೀನಿಗೆ ಮದ್ದು ಮಾಡಿದವರ ಚರಿತ್ರೆ ಬಹುಪಾಲು ಈ ಹೋಗಿಬರುವ ದಿನಗಳ ಲೆಕ್ಕವನ್ನು ಕಲಿತ ಚರಿತ್ರೆ. ಕಲಿಯಲು ನೂರು ವರ್ಷ ಹಿಡಿಯಿತು.

ಮನೆಯೊಳಗೆ ಕಡಲನ್ನು ಇಟ್ಟುಕೊಳ್ಳುವ ಆಸೆ ಶುರುವಾದದ್ದು ಮೀನಿನಿಂದಲ್ಲ, ಹವಳದಿಂದ. 1846ರಲ್ಲಿ ಅನ್ನಾ ಥಿನ್ ಎಂಬ ಮಹಿಳೆ ಇಂಗ್ಲೆಂಡಿನ ಟಾರ್ಕಿ ಕಡಲತೀರದಲ್ಲಿ ಸಿಕ್ಕ ಕಲ್ಲುಹವಳದ ಜೀವಗಳನ್ನು ಜಾಡಿಯಲ್ಲಿಟ್ಟುಕೊಂಡು ಲಂಡನ್ನಿಗೆ ತಂದರು. ಗಂಡ ವೆಸ್ಟ್‌ಮಿನ್‌ಸ್ಟರ್ ಅಬೆಯ ಹಿರಿಯ ಪಾದ್ರಿ. ಮನೆ ಕಡಲಿನಿಂದ ಬಹುದೂರ. ತಂದ ನೀರು ಕೆಡದಂತೆ ಮನೆಗೆಲಸದಾಕೆ ತೆರೆದ ಕಿಟಕಿಯ ಮುಂದೆ ನಿಂತು ದಿನಾ ಅರ್ಧ ಮುಕ್ಕಾಲು ಗಂಟೆ ಅದನ್ನು ಪಾತ್ರೆಯಿಂದ ಪಾತ್ರೆಗೆ ಎತ್ತಿ ಹೊಯ್ಯುತ್ತಿದ್ದಳು, ಹೋಟೆಲಿನಲ್ಲಿ ಕಾಫಿ ಆರಿಸಿದ ಹಾಗೆ. ನೀರಿಗೆ ಗಾಳಿ ಬೆರೆಯಿತು. ಹವಳಗಳು ಸುಮಾರು ಮೂರು ವರ್ಷ ಬದುಕಿದವು. ಚರಿತ್ರೆಯಲ್ಲಿ ಆಕೆಯ ಒಡತಿಯ ಹೆಸರು ಉಳಿದಿದೆ, ಏರ್ ಪಂಪಿನ ಕೆಲಸ ಮಾಡಿದ ಆ ಹೆಂಗಸಿನದು ಉಳಿದಿಲ್ಲ.

1850ರಲ್ಲಿ ರಾಬರ್ಟ್ ವಾರಿಂಗ್ಟನ್ ಎಂಬ ರಸಾಯನಶಾಸ್ತ್ರಜ್ಞ ಗಿಡ, ಮೀನು, ಬಸವನಹುಳುಗಳನ್ನು ಒಟ್ಟಿಗೆ ಇಟ್ಟರೆ ಗಾಜಿನ ತೊಟ್ಟಿಯ ನೀರು ತಾನೇ ಸಮತೋಲದಲ್ಲಿ ಉಳಿಯುತ್ತದೆಂದು ತೋರಿಸಿದರು. 1853ರಲ್ಲಿ ಲಂಡನ್ನಿನ ರೀಜೆಂಟ್ಸ್ ಪಾರ್ಕಿನ ಮೃಗಾಲಯದಲ್ಲಿ ಮೀನುಮನೆ ತೆರೆಯಿತು. ಮರುವರ್ಷ ಫಿಲಿಪ್ ಹೆನ್ರಿ ಗಾಸ್ ಬರೆದ ಪುಸ್ತಕ ‘ಅಕ್ವೇರಿಯಂ’ ಎಂಬ ಮಾತನ್ನು ಮನೆಮನೆಗೆ ಮುಟ್ಟಿಸಿತು. ಜನ ಬುಟ್ಟಿ, ಸುತ್ತಿಗೆ ಹಿಡಿದು ಕಡಲತೀರಕ್ಕೆ ನುಗ್ಗಿದರು. ಅವರು ತಂದದ್ದು ಹೆಚ್ಚಾಗಿ ತಣ್ಣೀರಿನ ಅನಿಮೋನ್, ಏಡಿ, ಸಿಗಡಿ. ಸತ್ತರೆ ನೀರು ಕೆಟ್ಟಿತು ಅನ್ನುತ್ತಿದ್ದರು, ಮತ್ತು ಆ ಮಾತು ಬಹಳ ಸಲ ನಿಜವೇ ಆಗಿತ್ತು. ಮೀನಿಗೆ ಅಂಟುರೋಗ ಬರಲು ಮೀನುಗಳ ಗುಂಪು ಬೇಕು, ಬೆಚ್ಚನೆಯ ನೀರು ಬೇಕು, ಅದೇ ನೀರು ಮತ್ತೆ ಮತ್ತೆ ಸುತ್ತಬೇಕು.

ಈ ಮೂರನ್ನೂ ಕೂಡಿಸಿಕೊಟ್ಟದ್ದು ದೊಡ್ಡ ನಗರಗಳ ಸಾರ್ವಜನಿಕ ಅಕ್ವೇರಿಯಂಗಳು. ನ್ಯೂಯಾರ್ಕಿನ ಅಕ್ವೇರಿಯಂ 1896ರಲ್ಲಿ ಬ್ಯಾಟರಿ ಪಾರ್ಕಿನ ಹಳೆಯ ಕೋಟೆಯೊಂದರಲ್ಲಿ ಬಾಗಿಲು ತೆರೆಯಿತು. ಲಂಡನ್ ಮೃಗಾಲಯ 1924ರಲ್ಲಿ ಹೊಸ ಅಕ್ವೇರಿಯಂ ಕಟ್ಟಿಸಿತು. ಉಷ್ಣವಲಯದ ಬಣ್ಣದ ಮೀನುಗಳು ಹಡಗಿನಲ್ಲಿ ಬಂದವು. ಒಂದು ತೊಟ್ಟಿಯ ನೀರು ಕೊಳವೆಗಳಲ್ಲಿ ಹರಿದು ಇನ್ನೊಂದಕ್ಕೆ ಹೋಗುವ ಏರ್ಪಾಡಿನಲ್ಲಿ ಒಂದು ಮೀನಿನ ಕಾಯಿಲೆ ಇಡೀ ಸಾಲಿನ ಕಾಯಿಲೆಯಾಗುತ್ತಿತ್ತು. ಕಡಲಿನಲ್ಲಿ ಮರಿ ಪರಾವಲಂಬಿಗೆ ಮೀನು ಸಿಕ್ಕುವುದು ಅದೃಷ್ಟದ ಮಾತು. ಗಾಜಿನ ಗೋಡೆಗಳ ನಡುವೆ ಅದಕ್ಕೆ ಹುಡುಕುವ ಕಷ್ಟವೇ ಇಲ್ಲ.

ಮೊದಲು ಪತ್ತೆಯಾದದ್ದು ಬಿಳಿ ಚುಕ್ಕೆಯಲ್ಲ, ಅದಕ್ಕಿಂತ ಕ್ರೂರಿಯಾದ ‘ವೆಲ್ವೆಟ್’. ಅರಿಸಿನದ ಪುಡಿಯನ್ನು ಬಟ್ಟೆಯಲ್ಲಿ ಸೋಸಿ ಉದುರಿಸಿದಂತೆ ಮೀನಿನ ಮೈಮೇಲೆ ಮಬ್ಬಾದ ಹೊಳಪು. ಬಹಳ ಸಲ ಅದು ಕಣ್ಣಿಗೆ ಬೀಳುವ ಮೊದಲೇ ಕಿವಿರು ಹಾಳಾಗಿ ಮೀನು ಸತ್ತಿರುತ್ತದೆ. ಲಂಡನ್ನಿನ ಅಕ್ವೇರಿಯಂನಲ್ಲಿ ಸತ್ತ ಮೀನುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದ ಇ. ಎಂ. ಬ್ರೌನ್ 1931ರಲ್ಲಿ ಈ ಜೀವಿಯನ್ನು ಊಡಿನಿಯಂ ಒಸೆಲೇಟಮ್ ಎಂದು ಕರೆದರು. ಮುಂದೆ 1946ರಲ್ಲಿ ಹೆಸರು ಅಮೈಲೂಡಿನಿಯಂ ಎಂದು ಬದಲಾಯಿತು. ನ್ಯೂಯಾರ್ಕಿನಲ್ಲಿ ರಾಸ್ ನೈಗ್ರೆಲ್ಲಿ 1936ರಲ್ಲಿ ಅದರ ಬಾಳಿನ ಹಂತಗಳನ್ನು ವಿವರವಾಗಿ ಪ್ರಕಟಿಸಿದರು. ಮೀನಿಗೆ ಬೇರು ಇಳಿಸಿ ಹೀರುವುದು ಒಂದು ಹಂತ. ಕಳಚಿಕೊಂಡು ತಳ ಸೇರಿ ಒಡೆಯುವುದು ಎರಡನೆಯದು. ಬಾಲ ಬೀಸುತ್ತ ಈಜಿ ಮೀನನ್ನು ಹಿಡಿಯುವುದು ಮೂರನೆಯದು. ಒಂದು ತಾಯಿಕೋಶದಿಂದ 256ರವರೆಗೆ ಈಜುಮರಿಗಳು ಬರಬಹುದು. ಬೆಚ್ಚನೆಯ ನೀರಿನಲ್ಲಿ ಈ ಸುತ್ತು ಒಂದು ವಾರದೊಳಗೇ ಮುಗಿಯುತ್ತದೆ.

ಬಿಳಿ ಚುಕ್ಕೆಯ ಸರದಿ ಆಮೇಲೆ ಬಂತು. ಸಿಹಿನೀರಿನ ಮೀನುಗಳಿಗೆ ಬರುವ ಬಿಳಿ ಚುಕ್ಕೆ 1876ರಿಂದಲೇ ವಿಜ್ಞಾನಕ್ಕೆ ಹೆಸರಿನೊಂದಿಗೆ ಗೊತ್ತಿತ್ತು. ಜಪಾನಿನ ಸಿಕಾಮಾ 1930ರ ದಶಕದ ಕೊನೆಯಲ್ಲಿ ಕಡಲ ಮೀನುಗಳಲ್ಲೂ ಅಂಥದೇ ರೋಗವನ್ನು ವಿವರಿಸಿದರು. ಲಂಡನ್ನಿನ ಬ್ರೌನ್ 1951ರಲ್ಲಿ ಇದು ಬೇರೆಯೇ ಜೀವಿ ಎಂದು ಹೇಳಿ ಕ್ರಿಪ್ಟೋಕ್ಯಾರಿಯಾನ್ ಇರಿಟಾನ್ಸ್ ಎಂದು ಹೆಸರಿಟ್ಟರು. ಮೊದಲ ಮಾತಿಗೆ ‘ಅಡಗಿದ ಬೀಜ’ ಎಂದು ಅರ್ಥ. ಕೋಶದ ಒಳಬೀಜ ಸುಲಭವಾಗಿ ಕಾಣುತ್ತಿರಲಿಲ್ಲ. ಎರಡನೆಯದಕ್ಕೆ ಕೆರಳಿಸುವುದು, ತುರಿಕೆ ತರುವುದು ಎಂದು. ಕಲ್ಲಿಗೆ ಮೈ ಉಜ್ಜುವ ಮೀನನ್ನು ಕಂಡವರಿಗೆ ಈ ಎರಡನೆಯ ಹೆಸರಿಗೆ ವಿವರಣೆ ಬೇಡ. ಸಿಹಿನೀರಿನ ಚುಕ್ಕೆಯೂ ಉಪ್ಪುನೀರಿನ ಚುಕ್ಕೆಯೂ ನೋಡಲು ಅಣ್ಣತಮ್ಮಂದಿರಂತಿದ್ದರೂ ಹತ್ತಿರದ ನೆಂಟರಲ್ಲವೆಂದು ಮುಂದೆ ಜೀನ್ ಪರೀಕ್ಷೆಗಳು ತೋರಿಸಿದವು.

ರೋಗದ ಹೆಸರು ಗೊತ್ತಾಯಿತು. ಮದ್ದು?

ಮದ್ದು ಬಂದದ್ದು ಸ್ಯಾನ್ ಫ್ರಾನ್ಸಿಸ್ಕೋದ ಗೋಲ್ಡನ್ ಗೇಟ್ ಪಾರ್ಕಿನಲ್ಲಿರುವ ಸ್ಟೈನ್‌ಹಾರ್ಟ್ ಅಕ್ವೇರಿಯಂನಿಂದ. ಅಲ್ಲಿನ ರಾಬರ್ಟ್ ಡೆಂಪ್‌ಸ್ಟರ್ 1955ರಲ್ಲಿ ವೆಲ್ವೆಟ್ ರೋಗಕ್ಕೆ ತಾಮ್ರದ ಸಲ್ಫೇಟ್ ಕೆಲಸ ಮಾಡುತ್ತದೆಂದು ಪ್ರಕಟಿಸಿದರು. ಮಲೆನಾಡಿನವರಿಗೆ ಈ ನೀಲಿ ಹರಳು ಹೊಸದಲ್ಲ. ಅದರ ಹೆಸರು ಮೈಲುತುತ್ತ. ಮುಂಗಾರು ಶುರುವಾಗುವ ಹೊತ್ತಿಗೆ ಅದನ್ನು ಸುಣ್ಣದ ಜೊತೆ ಕಲಸಿ, ಅಡಿಕೆ ಮರ ಹತ್ತಿ, ಗೊನೆಗಳಿಗೆ ಹೊಡೆಯುವುದು ಕೊಳೆರೋಗಕ್ಕೆ ಅವರು ತಲೆಮಾರುಗಳಿಂದ ಮಾಡುತ್ತ ಬಂದ ಉಪಾಯ. ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ 1880ರ ದಶಕದಲ್ಲಿ ಹುಟ್ಟಿದ ಈ ಬೋರ್ಡೋ ದ್ರಾವಣವನ್ನು ಮೈಸೂರು ಸಂಸ್ಥಾನದ ಅಡಿಕೆಗೆ ತಂದವರು ಕೆನಡಾದಿಂದ ಬಂದು ಸಂಸ್ಥಾನದ ಸೇವೆಗೆ ಸೇರಿದ್ದ ಲೆಸ್ಲಿ ಕೋಲ್ಮನ್. ಕೊಳೆರೋಗದ ಬಗ್ಗೆ ಅವರ ವರದಿ 1910ರಲ್ಲಿ ಹೊರಬಂತು.

ಅಡಿಕೆಗೂ ಮೀನಿಗೂ ಒಂದೇ ಮದ್ದು ಆಗಿಬಂದದ್ದು ಬರೀ ಕಾಕತಾಳೀಯವಲ್ಲ. ಕೊಳೆರೋಗದ ಫೈಟಾಫ್ತೊರಾ ಮಳೆನೀರಿನಲ್ಲಿ ಈಜುವ ಬೀಜಕಣಗಳನ್ನು ಬಿಡುತ್ತದೆ. ಕಾಯಿಯ ಮೇಲಿನ ನೀರಿನ ಪದರದಲ್ಲಿ ಅವು ಈಜಾಡುವಾಗ ತಾಮ್ರ ಅವನ್ನು ಕೊಲ್ಲುತ್ತದೆ. ಕಾಯಿಯ ಒಳಗೆ ಇಳಿದ ಮೇಲೆ ಏನೂ ಮಾಡಲಾರದು. ಅದಕ್ಕೇ ರೋಗ ಬರುವ ಮೊದಲೇ ಹೊಡೆಯಬೇಕು. ಮೀನಿನ ಪರಾವಲಂಬಿಯ ಕಥೆಯೂ ಹಾಗೆಯೇ. ಚರ್ಮದಡಿಯಲ್ಲಿ ಕೂತ ಚುಕ್ಕೆಗೆ ತಾಮ್ರ ತಾಗುವುದಿಲ್ಲ, ತಳದ ಕೋಶದೊಳಗೆ ಒಡೆಯುತ್ತಿರುವುದಕ್ಕೂ ತಾಗುವುದಿಲ್ಲ. ಮೀನು ಹುಡುಕುತ್ತ ಬರಿಮೈಯಲ್ಲಿ ಈಜುವ ಆ ಕೆಲವು ಗಂಟೆಗಳಲ್ಲಿ ಮಾತ್ರ ಅದು ಸಾಯುತ್ತದೆ. ಹಾಗಾಗಿ ಎಲ್ಲ ಕೋಶಗಳೂ ಒಡೆದು ಎಲ್ಲ ಮರಿಗಳೂ ಹೊರಗೆ ಬರುವವರೆಗೆ, ಮೂರು ನಾಲ್ಕು ವಾರ, ನೀರಿನಲ್ಲಿ ತಾಮ್ರ ಒಂದೇ ಮಟ್ಟದಲ್ಲಿ ಇರಬೇಕು.

ಎಷ್ಟು ತಾಮ್ರ ಎನ್ನುವುದೇ ಕತ್ತಿಯ ಅಲಗಿನ ಮೇಲಿನ ನಡಿಗೆ. ನೂರು ಲೀಟರಿಗೆ ಒಂದು ಕಿಲೋ ಮೈಲುತುತ್ತ ಹಾಕುವ ಬೋರ್ಡೋ ದ್ರಾವಣದ ಲೀಟರೊಂದರಲ್ಲಿ ಸುಮಾರು ಎರಡೂವರೆ ಗ್ರಾಂ ತಾಮ್ರ ಇರುತ್ತದೆ. ಮೀನಿನ ತೊಟ್ಟಿಗೆ ಬೇಕಾದದ್ದು ಲೀಟರಿಗೆ 0.15ರಿಂದ 0.20 ಮಿಲಿಗ್ರಾಂ, ಎಂದರೆ ಅದರ ಹತ್ತು ಸಾವಿರದ ಒಂದು ಪಾಲಿಗಿಂತಲೂ ಕಡಿಮೆ. ನಾನೂರು ಲೀಟರಿನ ತೊಟ್ಟಿಗೆ ಮೈಲುತುತ್ತದ ಒಂದು ಗ್ರಾಮಿನ ಮೂರನೆಯ ಒಂದು ಪಾಲು. ಅದಕ್ಕಿಂತ ಕಡಿಮೆಯಾದರೆ ಪರಾವಲಂಬಿ ಬದುಕುತ್ತದೆ, ಜಾಸ್ತಿಯಾದರೆ ಮೀನು ಸಾಯುತ್ತದೆ. ಹಾಕಿದ ತಾಮ್ರ ಹಾಕಿದಷ್ಟೇ ಉಳಿಯುವುದೂ ಇಲ್ಲ. ಸುಣ್ಣದ ಅಂಶವಿರುವ ಕಲ್ಲು, ಚಿಪ್ಪು, ಹವಳದ ಮರಳು ಅದನ್ನು ಹೀರಿಕೊಳ್ಳುತ್ತವೆ. ದಿನಾ ಅಳೆದು ಅಷ್ಟಷ್ಟೇ ಸೇರಿಸಬೇಕು. ತಾಮ್ರ ಬೇಗ ಕಳೆದುಹೋಗದಂತೆ ಬೇರೆ ಅಣುಗಳ ಜೊತೆ ಕಟ್ಟಿಹಾಕಿದ ದ್ರಾವಣಗಳು ಮುಂದೆ ಬಾಟಲಿಯಲ್ಲಿ ಬಂದವು, ಅವುಗಳ ಅಳತೆಯ ಅಂಕಿಯೇ ಬೇರೆ. ಒಂದರ ಅಂಕಿಯನ್ನು ಇನ್ನೊಂದಕ್ಕೆ ಹಚ್ಚಿದರೆ ಮೀನಿನ ಕಥೆ ಮುಗಿದಂತೆ.

ತಾಮ್ರದ ದಾರಿ ತೆರೆದ ಹೊತ್ತಿಗೇ ಮೀನಿನ ವ್ಯಾಪಾರವೂ ಬೆಳೆಯಿತು. ಜೆಟ್ ವಿಮಾನ, ಆಮ್ಲಜನಕ ತುಂಬಿದ ಪ್ಲಾಸ್ಟಿಕ್ ಚೀಲ ಎರಡೂ ಸೇರಿ ಫಿಲಿಪ್ಪೀನ್ಸಿನ ಮೀನನ್ನು ಎರಡು ಮೂರು ದಿನದಲ್ಲಿ ಅಮೆರಿಕದ ಮನೆಯ ಪಡಸಾಲೆಗೆ ತಲುಪಿಸತೊಡಗಿದವು. ಫಿಲಿಪ್ಪೀನ್ಸಿನಲ್ಲಿ 1960ರ ದಶಕದ ಆರಂಭದಲ್ಲೇ ಹವಳದ ಸಂದಿಗಳಿಗೆ ಸಯನೈಡ್ ಎರಚಿ ಮೀನನ್ನು ಮಂಕುಹಿಡಿಸಿ ಹಿಡಿಯುವ ಕೆಟ್ಟ ಪದ್ಧತಿ ಶುರುವಾಯಿತು. ಅರೆಜೀವವಾಗಿ, ಹಸಿದು, ಇಕ್ಕಟ್ಟಿನ ಚೀಲದಲ್ಲಿ ಬಂದ ಮೀನು ಮೈಮೇಲೆ ಎರಡು ಮೂರು ಪರಾವಲಂಬಿಗಳನ್ನು ಹೊತ್ತು ತಂದರೂ ತೊಟ್ಟಿಯೆಲ್ಲ ರೋಗ ಹರಡಲು ಸಾಕು. ಓಹಿಯೋದ ಕಂಪನಿಯೊಂದು 1964ರಲ್ಲಿ ಇನ್‌ಸ್ಟಂಟ್ ಓಶನ್ ಎಂಬ ಕೃತಕ ಕಡಲುಪ್ಪನ್ನು ಮಾರುಕಟ್ಟೆಗೆ ತಂದ ಮೇಲೆ ಕಡಲು ನೋಡದ ಊರಿನವರೂ ಲೀಟರಿಗೆ 35 ಗ್ರಾಂ ಉಪ್ಪು ಬೆರೆಸಿ ಸಮುದ್ರ ತಯಾರಿಸಬಹುದಾಯಿತು.

ಆಗಿನ ಮನೆಯ ತೊಟ್ಟಿಗಳಲ್ಲಿ ಇದ್ದದ್ದು ಮೀನು ಮಾತ್ರ. ಅಲಂಕಾರಕ್ಕೆ ಸತ್ತ ಹವಳದ ಬೆಳ್ಳಗಿನ ಅಸ್ಥಿ. ಮೀನಿಗೆ ಚುಕ್ಕೆ ಬಂದರೆ ತೊಟ್ಟಿಗೇ ತಾಮ್ರ ಹಾಕಬಹುದಿತ್ತು. ಅಳತೆ ತಪ್ಪದಿದ್ದರೆ ಸಾಕಿತ್ತು.

ಈ ನೆಮ್ಮದಿಯನ್ನು ಕೆಡಿಸಿದ್ದು ಜಕಾರ್ತಾದ ಲೀ ಚಿನ್ ಎಂಗ್ ಎಂಬವರು. ಅವರ ತೊಟ್ಟಿಯಲ್ಲಿ ದೊಡ್ಡ ಫಿಲ್ಟರ್ ಇರಲಿಲ್ಲ. ಕಡಲಿನಿಂದ ತಂದ ಜೀವಂತ ಕಲ್ಲು, ಕಡಲ ನೀರು, ಬಿಸಿಲು, ಒಂದಿಷ್ಟು ಗಾಳಿಯ ಗುಳ್ಳೆ, ಇಷ್ಟೇ. ಕಲ್ಲಿನ ರಂಧ್ರಗಳಲ್ಲಿದ್ದ ಬ್ಯಾಕ್ಟೀರಿಯಾ ನೀರನ್ನು ಶುದ್ಧ ಮಾಡುತ್ತಿದ್ದವು, ಹವಳಗಳು ಬದುಕಿ ಬೆಳೆಯುತ್ತಿದ್ದವು. 1961ರಲ್ಲಿ ಅಮೆರಿಕದ ಹವ್ಯಾಸಿ ಪತ್ರಿಕೆಯೊಂದು ಈ ವಿಧಾನವನ್ನು ಪ್ರಕಟಿಸಿತು. ನಂಬಿದವರು ಆಗ ಕಡಿಮೆ. ಮುಂದೆ ಬರ್ಲಿನ್ನಿನ ಹವ್ಯಾಸಿಗಳು ಜೀವಂತ ಕಲ್ಲಿಗೆ ನೊರೆ ತೆಗೆಯುವ ಸ್ಕಿಮ್ಮರ್ ಮತ್ತು ಪ್ರಖರ ದೀಪಗಳನ್ನು ಸೇರಿಸಿದರು. 1986ರಲ್ಲಿ ಡಚ್ ಹವ್ಯಾಸಿ ಜಾರ್ಜ್ ಸ್ಮಿಟ್ ಬರೆದ ಲೇಖನಮಾಲೆ ಅಮೆರಿಕದಲ್ಲಿ ಹವಳದ ತೊಟ್ಟಿಯ ಹುಚ್ಚು ಹಿಡಿಸಿತು. ಅನ್ನಾ ಥಿನ್ ಅವರ ಹವಳ ನೂರನಲವತ್ತು ವರ್ಷಗಳ ಮೇಲೆ ಪಡಸಾಲೆಗೆ ಮರಳಿ ಬಂತು, ಈ ಸಲ ಬಣ್ಣ ಬಣ್ಣದ ಮೀನುಗಳ ಜೊತೆ.

ಹವಳ ಬಂತು, ತಾಮ್ರ ಹೋಯಿತು. ಮೀನನ್ನು ಉಳಿಸುವ ಪ್ರಮಾಣದ ತಾಮ್ರ ಹವಳ, ಸಿಗಡಿ, ಬಸವನಹುಳು, ಅನಿಮೋನ್ ಎಲ್ಲವನ್ನೂ ಕೊಲ್ಲುತ್ತದೆ. ಕಲ್ಲು ಹೀರಿಕೊಂಡ ತಾಮ್ರ ಮುಂದೆ ಯಾವಾಗಲೋ ನೀರಿಗೆ ಇಳಿಯಲೂಬಹುದು. ಎರಡು ತಲೆಮಾರು ಕಷ್ಟಪಟ್ಟು ಕಂಡುಕೊಂಡ ಮದ್ದು ಶೀಷೆಯಲ್ಲಿದ್ದೂ ಇಲ್ಲದಂತಾಯಿತು.

ತೆರವಾದ ಜಾಗಕ್ಕೆ ನಂಬಿಕೆಗಳು ಬಂದು ಕೂತವು. ಅವುಗಳಲ್ಲಿ ಮುದ್ದಾದದ್ದು ‘ಕ್ಲೀನರ್’ ಮೀನಿನದು. ಅಮೆರಿಕದ ಮುಳುಗು ವಿಜ್ಞಾನಿ ಕಾನ್ರಾಡ್ ಲಿಂಬಾ ಅವರ ಲೇಖನ 1961ರಲ್ಲಿ, ಅವರು ತೀರಿಕೊಂಡ ಮೇಲೆ, ಪ್ರಕಟವಾಯಿತು. ಹವಳದ ದಿಬ್ಬದಲ್ಲಿ ಕೆಲವು ಸಣ್ಣ ಮೀನು, ಸಿಗಡಿಗಳು ಕ್ಷೌರದಂಗಡಿ ಇಟ್ಟುಕೊಂಡಂತೆ ಒಂದೆಡೆ ಕೂತು, ಸಾಲುಗಟ್ಟಿ ಬರುವ ದೊಡ್ಡ ಮೀನುಗಳ ಮೈಯಿಂದ ಪರಾವಲಂಬಿಗಳನ್ನು ಹೆಕ್ಕುತ್ತವೆ ಎಂಬ ಅವರ ವರ್ಣನೆ ಓದುಗರನ್ನು ಸೆಳೆಯಿತು. ಹಾಗಾದರೆ ತೊಟ್ಟಿಗೊಂದು ಕ್ಲೀನರ್ ಬಿಟ್ಟರೆ ಚುಕ್ಕೆ ರೋಗ ಹೋಗಬೇಕಲ್ಲ? ಆಸ್ಟ್ರೇಲಿಯಾದ ಲಿಜರ್ಡ್ ದ್ವೀಪದಲ್ಲಿ ಅಲೆಕ್ಸಾಂಡ್ರಾ ಗ್ರಟರ್ 1996ರಲ್ಲಿ ಲೆಕ್ಕ ಹಾಕಿ ತೋರಿಸಿದರು: ಒಂದು ಕ್ಲೀನರ್ ರಾಸ್ ಮೀನು ದಿನಕ್ಕೆ ಸುಮಾರು 1,200 ಪರಾವಲಂಬಿಗಳನ್ನು ತಿನ್ನುತ್ತದೆ. ಆದರೆ ಅವು ಮುಖ್ಯವಾಗಿ ಮೈಮೇಲೆ ಓಡಾಡುವ ಗ್ನಾಥಿಯಿಡ್ ಎಂಬ ಚಿಕ್ಕ ಕಠಿಣಚರ್ಮಿಗಳು, ಹೇನಿನ ಜಾತಿಯವು ಅನ್ನಬಹುದು. ಬಿಳಿ ಚುಕ್ಕೆ ಇರುವುದು ಚರ್ಮದ ಮೇಲ್ಪದರದ ಅಡಿಯಲ್ಲಿ. ಹೇನು ಹೆಕ್ಕುವ ಕೈಗೆ ಕಜ್ಜಿಯ ಹುಳು ಸಿಕ್ಕುವುದಿಲ್ಲ.

ಇನ್ನೊಂದು ನಂಬಿಕೆ ಬೆಳ್ಳುಳ್ಳಿಯದು. ಆಹಾರಕ್ಕೆ ಬೆಳ್ಳುಳ್ಳಿ ರಸ ಸೇರಿಸಿದರೆ ರೋಗ ಓಡುತ್ತದೆಂದು ದೇಶದೇಶಗಳ ಹವ್ಯಾಸಿಗಳು ನಂಬಿದರು. ‘ಹವಳಕ್ಕೆ ಅಪಾಯವಿಲ್ಲ’ ಎಂಬ ಚೀಟಿ ಅಂಟಿಸಿಕೊಂಡ ಬಾಟಲಿಗಳೂ ಕಪಾಟು ತುಂಬಿದವು. ಈಜುಮರಿಯನ್ನು ಕೊಲ್ಲುವಷ್ಟು ಕಟುವಾಗಿದ್ದೂ ಹವಳಕ್ಕೆ ಮೆತ್ತಗಿರುವ ಮದ್ದು ಸಿಕ್ಕುವುದು ಎಷ್ಟು ಕಷ್ಟ ಎನ್ನುವುದನ್ನು ಚೀಟಿ ಹೇಳುತ್ತಿರಲಿಲ್ಲ. ಇವಕ್ಕೆಲ್ಲ ಹೆಸರು ಬಂದದ್ದಕ್ಕೆ ಎರಡು ಕಾರಣ. ಒಂದು, ಮೊದಲೇ ಹೇಳಿದ ಬೆಳಗಿನ ಮಾಯ. ಇನ್ನೊಂದು, ಸೋಂಕು ತಗಲಿ ಬದುಕುಳಿದ ಮೀನಿಗೆ ಕೆಲವು ತಿಂಗಳ ಮಟ್ಟಿಗೆ ಬರುವ ನಿರೋಧ ಶಕ್ತಿ. ಮೀನು ತನ್ನ ಬಲದಿಂದ ತಡೆದುಕೊಂಡಿರುತ್ತದೆ, ಹೊಗಳಿಕೆ ಬೆಳ್ಳುಳ್ಳಿಗೆ ಹೋಗುತ್ತದೆ. ಪರಾವಲಂಬಿ ಮಾತ್ರ ಕಿವಿರುಗಳ ನಡುವೆ ನಾಲ್ಕಾರು ಲೆಕ್ಕದಲ್ಲಿ ಉಳಿದು, ಹೊಸ ಮೀನು ಬರುವ ದಿನ ಕಾಯುತ್ತಿರುತ್ತದೆ.

ನಿಜವಾದ ಉತ್ತರ ಬಂದದ್ದು ಹವ್ಯಾಸಿಗಳ ಲೋಕದ ಹೊರಗಿನಿಂದ, ಊಟಕ್ಕೆ ಮೀನು ಬೆಳೆಸುವವರಿಂದ. ಕೆಂಪು ಸಮುದ್ರದ ದಂಡೆಯ ಐಲಾತ್‌ನಲ್ಲಿ ಇಸ್ರೇಲಿನ ಸಂಶೋಧಕ ಆಂಜೆಲೊ ಕೊಲೊರ್ನಿ ಸಾಕಣೆಯ ಬ್ರೀಮ್ ಮೀನುಗಳಲ್ಲಿ ಚುಕ್ಕೆ ರೋಗವನ್ನು ವರ್ಷಗಟ್ಟಲೆ ಗಮನಿಸಿದರು. 1980ರ ದಶಕದ ಅವರ ಲೇಖನಗಳು ಪರಾವಲಂಬಿಯ ದಿನಚರಿಯನ್ನು ಪಂಚಾಂಗದ ಹಾಗೆ ಬಿಡಿಸಿ ಇಟ್ಟವು. ಮೀನಿನ ಮೈಯಲ್ಲಿ 3ರಿಂದ 7 ದಿನ. ಇಳಿದ ಮೇಲೆ ಅಂಟಲು ಜಾಗ ಹುಡುಕಿ ತೆವಳುವುದು ಕೆಲವು ಗಂಟೆ. ಕೋಶದೊಳಗೆ ಕಡಿಮೆಯೆಂದರೆ 3 ದಿನ, ಸಾಮಾನ್ಯವಾಗಿ ನಾಲ್ಕು ವಾರದೊಳಗೆ. ಆದರೆ 72 ದಿನ ಕಾದು ಒಡೆದ ಕೋಶವೂ ದಾಖಲೆಯಲ್ಲಿದೆ. ಇಂಗ್ಲೆಂಡಿನ ಬರ್ಜೆಸ್ ಮತ್ತು ಮ್ಯಾಥ್ಯೂಸ್ 1994ರಲ್ಲಿ ಇನ್ನೊಂದು ಗುಟ್ಟು ಬಿಡಿಸಿದರು: ಮರಿಗಳು ಕೋಶ ಒಡೆದು ಬರುವುದು ಹೆಚ್ಚಾಗಿ ಬೆಳಗಿನ ಜಾವದ ಕತ್ತಲಲ್ಲಿ. ಹವಳದ ಮೀನುಗಳು ಆ ಹೊತ್ತಿನಲ್ಲಿ ತಳದ ಸಂದಿಗಳಲ್ಲಿ ಮಲಗಿರುತ್ತವೆ. ಮಲಗಿದ ಮೀನನ್ನು ಹಿಡಿಯುವುದು ಸುಲಭ.

ಈ ಪಂಚಾಂಗ ಕೈಗೆ ಬಂದ ಮೇಲೆ ಮದ್ದೇ ಇಲ್ಲದ ಮದ್ದು ಹೊಳೆಯಿತು. ಚುಕ್ಕೆಯಿರುವ ಮೀನನ್ನು ಬರಿಯ ತೊಟ್ಟಿಯೊಂದಕ್ಕೆ ಬಿಡುವುದು. ಮೂರು ದಿನ ತುಂಬುವ ಮೊದಲು ಅದನ್ನು ಹೊಸ ನೀರಿನ ಇನ್ನೊಂದು ತೊಟ್ಟಿಗೆ ಸಾಗಿಸುವುದು. ಅಷ್ಟರಲ್ಲಿ ಇಳಿದ ಪರಾವಲಂಬಿಗಳು ಹಳೆಯ ತೊಟ್ಟಿಯ ತಳದಲ್ಲೇ ಉಳಿಯುತ್ತವೆ, ಅವು ಮರಿ ಹಾಕುವ ಹೊತ್ತಿಗೆ ಅಲ್ಲಿ ಮೀನಿಲ್ಲ. ಬಿಟ್ಟ ತೊಟ್ಟಿಯನ್ನು ತೊಳೆದು ಬಿಸಿಲಿಗೆ ಒಣಗಿಸಿದರೆ ಮುಗಿಯಿತು. ಹೀಗೆ ನಾಲ್ಕು ಸಲ ಜಾಗ ಬದಲಿಸುವಷ್ಟರಲ್ಲಿ ಮೀನಿನ ಮೈಯಲ್ಲಿದ್ದವೆಲ್ಲ ಇಳಿದುಹೋಗಿರುತ್ತವೆ. ಇನ್ನೊಂದು ದಾರಿ ಉಪ್ಪಿನದು: ನೀರಿನ ಉಪ್ಪಿನಂಶವನ್ನು ಅರ್ಧಕ್ಕಿಂತ ಕೆಳಗೆ ಇಳಿಸಿ ವಾರಗಟ್ಟಲೆ ಇಟ್ಟರೆ ಮೀನು ತಡೆದುಕೊಳ್ಳುತ್ತದೆ, ಕೋಶ ಬಿರಿದು ಪರಾವಲಂಬಿ ಸಾಯುತ್ತದೆ. ಹವಳ ಇದನ್ನೂ ತಡೆಯದು. ಯಾವ ದಾರಿ ಹಿಡಿದರೂ ಮೀನು ಮನೆ ಬಿಟ್ಟು ಹೊರಗೆ ಹೋಗಲೇಬೇಕು.

ಮೀನಿಲ್ಲದ ಮುಖ್ಯ ತೊಟ್ಟಿಯನ್ನು ಏನು ಮಾಡುವುದು? ಹೊಲವನ್ನು ಬೀಳು ಬಿಟ್ಟಂತೆ ಬಿಡುವುದು. ಹವಳ, ಸಿಗಡಿ, ಬಸವನಹುಳು ಅಲ್ಲೇ ಇರಲಿ. ಚುಕ್ಕೆ ರೋಗದ ಜೀವಿಗೆ ಅವು ಊಟವಲ್ಲ. ಕೋಶ ಕಾಯಬಲ್ಲ ಕೊನೆಯ ದಿನ 72 ಎಂದ ಮೇಲೆ, ಹೊರಬಿದ್ದ ಮರಿ ಹಸಿದು ಸಾಯಲು ಧಾರಾಳವಾಗಿ ನಾಲ್ಕು ದಿನ ಸೇರಿಸಿ, ಹವ್ಯಾಸಿಗಳು 76 ದಿನದ ನಿಯಮ ಮಾಡಿಕೊಂಡರು. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಕಾಲಿಟ್ಟ ಮೇಲೆ ಮೈಸೂರು ಸೀಮೆಯ ಹಳ್ಳಿಗಳವರು ಕಲಿತ ಪಾಠವೂ ಇಂಥದೇ. ಮನೆಯಲ್ಲಿ ಇಲಿ ಬಿತ್ತೆಂದರೆ ಊರಿಗೆ ಊರೇ ಗಂಟುಮೂಟೆ ಕಟ್ಟಿ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ತಿಂಗಳುಗಟ್ಟಲೆ ಇರುತ್ತಿತ್ತು. ಬೀಗ ಹಾಕಿದ ಮನೆಯಲ್ಲಿ ಉಳಿದದ್ದು ಹಸಿದ ಚಿಗಟ.

ಎಲ್ಲ ರೋಗಕ್ಕೂ ಈ ಲೆಕ್ಕ ನಡೆಯುವುದಿಲ್ಲ. ನ್ಯೂಯಾರ್ಕ್ ಅಕ್ವೇರಿಯಂ 1957ರಲ್ಲಿ ಬ್ರೂಕ್ಲಿನ್ನಿನ ಕೋನಿ ಐಲ್ಯಾಂಡಿಗೆ ಬಂದಿತ್ತು. ಅಲ್ಲಿ ನೈಗ್ರೆಲ್ಲಿ ಮತ್ತು ಚೆಕ್ ವಿಜ್ಞಾನಿ ಯಿರಿ ಲೋಮ್ 1970ರಲ್ಲಿ ಹೊಸದೊಂದು ಪರಾವಲಂಬಿಯನ್ನು ವಿವರಿಸಿ, ಊರಿನ ನೆನಪಿಗೆ ಬ್ರೂಕ್ಲಿನೆಲ್ಲಾ ಹೋಸ್ಟಿಲಿಸ್ ಎಂದು ಕರೆದರು. ಇದು ಮೀನಿನ ಮೈಮೇಲೇ ಇಬ್ಭಾಗವಾಗಿ ಹೆಚ್ಚುತ್ತದೆ. ತವರೂ ಇಲ್ಲ, ಹೆರಿಗೆಯ ಪಯಣವೂ ಇಲ್ಲ. ಮೈಯೆಲ್ಲ ಲೋಳೆಯಾಗಿ ಚರ್ಮ ಹಾಳೆ ಹಾಳೆಯಾಗಿ ಕಳಚುತ್ತದೆ, ಒಂದೆರಡು ದಿನದಲ್ಲೇ ಮೀನು ಹೋಗಬಹುದು. ತಾಮ್ರವನ್ನು ಇದು ಲೆಕ್ಕಿಸುವುದಿಲ್ಲ. ಇಲ್ಲಿ ಕಾಯಲು ಸಮಯವಿಲ್ಲ, ಅಳತೆಯ ಫಾರ್ಮಲಿನ್ ಸ್ನಾನವೇ ಗತಿ. ಕಡಲಿನಿಂದ ಹಿಡಿದು ತಂದ ಕ್ಲೌನ್ ಮೀನುಗಳಲ್ಲಿ ಹೆಚ್ಚಾಗಿ ಕಂಡದ್ದರಿಂದ ಇದಕ್ಕೆ ‘ಕ್ಲೌನ್ ಮೀನಿನ ರೋಗ’ ಎಂದೇ ಹೆಸರು ಬಿತ್ತು. 2003ರಲ್ಲಿ ‘ಫೈಂಡಿಂಗ್ ನೀಮೋ’ ಸಿನಿಮಾ ಬಂದ ಮೇಲೆ ಆ ಕೇಸರಿ ಪಟ್ಟೆಯ ಮೀನನ್ನು ಮಕ್ಕಳೆಲ್ಲ ಹೆಸರು ಹಿಡಿದು ಕರೆಯತೊಡಗಿದರು. ಒಳ್ಳೆಯದೆಂದರೆ ಕ್ಲೌನ್ ಮೀನನ್ನು ತೊಟ್ಟಿಯಲ್ಲೇ ಮರಿ ಮಾಡಿಸಬಹುದು. ಭಾರತದಲ್ಲಿ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ತಮಿಳುನಾಡಿನ ಮಂಡಪಂನಂಥ ಕೇಂದ್ರಗಳಲ್ಲಿ ಈ ಕಲೆಯನ್ನು ಪಳಗಿಸಿಕೊಂಡಿದೆ.

ಮೀನಿನ ಮದ್ದು ಮನುಷ್ಯರ ಪೇಟೆಗೆ ಬಂದು ಸುದ್ದಿಯಾದದ್ದೂ ಉಂಟು. ಮಲೇರಿಯಾಕ್ಕೆಂದು 1934ರಲ್ಲಿ ಜರ್ಮನಿಯಲ್ಲಿ ತಯಾರಾದ ಕ್ಲೋರೋಕ್ವಿನ್ ವೆಲ್ವೆಟ್ ರೋಗಕ್ಕೂ ನಾಟುತ್ತದೆಂದು 1980ರ ದಶಕದಲ್ಲಿ ಗೊತ್ತಾಯಿತು. ಹವ್ಯಾಸಿಗಳು ಅದರ ಪುಡಿಯನ್ನು ಡಬ್ಬಿಯಲ್ಲಿ ಇಟ್ಟುಕೊಳ್ಳತೊಡಗಿದರು. 2020ರ ಮಾರ್ಚಿನಲ್ಲಿ ಕೊರೊನಾಕ್ಕೆ ಕ್ಲೋರೋಕ್ವಿನ್ ಮದ್ದೆಂಬ ಮಾತು ಹಬ್ಬಿದಾಗ ಅಮೆರಿಕದ ಅರಿಜೋನಾದಲ್ಲಿ ಒಬ್ಬ ದಂಪತಿ ಮನೆಯಲ್ಲಿದ್ದ ಮೀನಿನ ಕ್ಲೋರೋಕ್ವಿನ್ ಫಾಸ್ಫೇಟ್ ಕುಡಿದರು. ಗಂಡ ಸತ್ತರು, ಹೆಂಡತಿ ಆಸ್ಪತ್ರೆ ಸೇರಿದರು. ಮೀನಿನ ಔಷಧಿಯನ್ನು ಮನುಷ್ಯರು ಸೇವಿಸಬಾರದೆಂದು ಅಲ್ಲಿನ ಔಷಧ ಇಲಾಖೆ ಎಚ್ಚರಿಕೆ ಹೊರಡಿಸಬೇಕಾಯಿತು.

ಅದೇ ತಿಂಗಳುಗಳಲ್ಲಿ ಕರ್ನಾಟಕದ ಹಳ್ಳಿಹಳ್ಳಿಗೂ ‘ಕ್ವಾರಂಟೈನ್’ ಎಂಬ ಮಾತು ಪರಿಚಯವಾಯಿತು. ವೆನಿಸ್ ಬಂದರಿನಲ್ಲಿ ಪ್ಲೇಗಿನ ಭಯಕ್ಕೆ ಹಡಗುಗಳನ್ನು 40 ದಿನ ಹೊರಗೆ ನಿಲ್ಲಿಸುತ್ತಿದ್ದುದರಿಂದ, ಇಟಾಲಿಯನ್ನಿನ ನಲವತ್ತರಿಂದ ಹುಟ್ಟಿದ ಪದ ಅದು. ಉಪ್ಪುನೀರಿನ ಮೀನು ಸಾಕುವವರಿಗೆ ಮಾತ್ರ ಅದು ಹಳೆಯ ಪಾಠ: ಹೊಸ ಮೀನು ಅಂಗಡಿಯಿಂದ ನೇರವಾಗಿ ಹವಳದ ತೊಟ್ಟಿಗೆ ಇಳಿಯಬಾರದು. ಕಲಿತೂ ಪಾಲಿಸದವರೇ ಹೆಚ್ಚು. ಚೀಲದಲ್ಲಿ ಕುಳಿತ ಮೀನು ಅಷ್ಟು ಚೆಂದ ಕಾಣುತ್ತದೆ, ಮೈಮೇಲೆ ಒಂದು ಚುಕ್ಕೆಯೂ ಇರುವುದಿಲ್ಲ.

ಭಾರತದಲ್ಲಿ ಈ ಹವ್ಯಾಸಕ್ಕೆ ಕಾನೂನಿನ ಗೆರೆಯೂ ಇದೆ. 2001ರಲ್ಲಿ ಕಲ್ಲುಹವಳಗಳನ್ನೂ ಕಡಲ್ಗುದುರೆಗಳನ್ನೂ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಗೆ ಸೇರಿಸಲಾಯಿತು. ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಹವಳವನ್ನು ಮುಳುಗಿ ನೋಡಬಹುದು, ತುಂಡೊಂದನ್ನು ಮನೆಗೆ ತರುವಂತಿಲ್ಲ. ಕಡಲಿನಿಂದ ನೂರಾರು ಕಿಲೋಮೀಟರ್ ದೂರ, ಒಂಬೈನೂರು ಮೀಟರ್ ಎತ್ತರದ ಬೆಂಗಳೂರಿನಲ್ಲಿ ಉಪ್ಪುನೀರಿನ ಮೀನು ಸಾಕುವವರು ಆರ್‌ಒ ನೀರಿಗೆ ಪೊಟ್ಟಣದ ಉಪ್ಪು ಬೆರೆಸುತ್ತಾರೆ. ನಾನೂರು ಲೀಟರಿಗೆ 14 ಕಿಲೋ. ಚುಕ್ಕೆ ಕಂಡ ಮೀನನ್ನು ಹಿಡಿಯಲು ಕಲ್ಲುಗಳನ್ನೆಲ್ಲ ಎತ್ತಿ ಹೊರಗಿಡಬೇಕು. ಬಚ್ಚಲುಮನೆಯ ಪಕ್ಕದ ಪ್ಲಾಸ್ಟಿಕ್ ಟಬ್ಬಿನಲ್ಲಿ ಮೀನಿಗೆ ಅಡಗಲು ಪ್ಲಂಬರ್ ಬಿಟ್ಟುಹೋದ ಪಿವಿಸಿ ಪೈಪಿನ ತುಂಡು ಸಾಕು. ಪಡಸಾಲೆಯ ತೊಟ್ಟಿಯಲ್ಲಿ ದೀಪ ಉರಿಯುತ್ತದೆ, ಪಂಪು ಓಡುತ್ತದೆ, ಹವಳದ ಬೆರಳುಗಳು ಅಲುಗುತ್ತವೆ. ಮೀನು ಎಲ್ಲಿ ಹೋಯಿತೆಂದು ಬಂದವರು ಕೇಳುತ್ತಾರೆ. ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ, ಹಾಲಿನ ಲೆಕ್ಕ ಮತ್ತು ಗ್ಯಾಸ್ ಬಂದ ತಾರೀಖಿನ ಪಕ್ಕ, ಪೆನ್ಸಿಲಿನಲ್ಲಿ ಬರೆದ ಅಂಕಿ 31ಕ್ಕೆ ಬಂದಿದೆ. ಇನ್ನು 45 ದಿನ.